ಮೊದಲೇ ಹೇಳಿದ ಸಾಕ್ಷಿ

ಸಾಬಣ್ಣ ತಿರುಗಿ ಬಂದಿದ್ದಾನೆಂದು ಓಣಿಗೆಲ್ಲ ಗೊತ್ತಿತ್ತು. ಅವನನ್ನು ಕಾಣದವಳು ಅವನ ಹೆಂಡತಿ ಗುಂಡಮ್ಮ ಒಬ್ಬಳೇ.

ಮಳೆಗಾಲ ಶುರುವಾಗುವ ಮೊದಲು, ಒಂದು ಮುಂಜಾನೆ ಅವನು ಕೂಲಿಗೆ ಕರೆಯುವವರಿಗಾಗಿ ಕೂಕಟ್‌ಪಲ್ಲಿಯ ಅಡ್ಡಾದಲ್ಲಿ ಎಂದಿನಂತೆ ನಿಂತಿದ್ದ. ಗುರುತಿಲ್ಲದ ಮೇಸ್ತ್ರಿಯೊಬ್ಬ ಬಂದು, ನಗರದ ಇನ್ನೊಂದು ತುದಿಯ ನಾಚಾರಂನಲ್ಲಿ ಶೆಡ್ಡು ಕಟ್ಟುವುದಿದೆ ಎಂದು ಟೆಂಪೋ ಹತ್ತಿಸಿಕೊಂಡು ಹೋದ. ಅವತ್ತಿನಿಂದ ಸಾಬಣ್ಣನ ಫೋನು ಬಂದ್. ಠಾಣೆಯಲ್ಲಿ ಹೆಸರು ಬರೆದುಕೊಂಡು ಕಳಿಸಿದರು. ನಿಜವಾಗಿ ಹುಡುಕಿದವನು ತಮ್ಮ ಭೀಮಾಶಂಕರ. ಕೆಲಸ ಬಿಟ್ಟು, ಮೊಬೈಲಿನಲ್ಲಿ ಅಣ್ಣನ ಫೋಟೊ ತೋರಿಸುತ್ತ ಅಡ್ಡಾದಿಂದ ಅಡ್ಡಾಕ್ಕೆ ಅಲೆದ.

ಗುಂಡಮ್ಮ ಪ್ರಾರ್ಥನೆಯ ಮನೆಗೆ ಹೋದಳು. ಅದು ಹಾರ್ಡ್‌ವೇರ್ ಅಂಗಡಿಯ ಮೇಲಿನ ತಗಡಿನ ಕೋಣೆ. ಹಾಡು ತೆಲುಗಿನಲ್ಲಿ, ಅಳು ಮಾತ್ರ ಯಾದಗಿರಿಯ ಕನ್ನಡದಲ್ಲಿ. ಸಾಬಣ್ಣ ಆ ಮೆಟ್ಟಿಲು ಹತ್ತಿದವನಲ್ಲ. ನಿನ್ನ ದೇವರೂ ಕಾಣಂಗಿಲ್ಲ, ಪಗಾರದ ದಿನ ನನ್ನ ಮೇಸ್ತ್ರಿನೂ ಕಾಣಂಗಿಲ್ಲ, ಇಬ್ಬರನ್ನೂ ನಂಬೇ ಬಾಳೇವು ಮಾಡೋದು ಎಂದು ನಗುತ್ತಿದ್ದ.

ಬೇಡಿದ್ದು ಸಿಕ್ಕ ಮೇಲೆ ಎದ್ದು ನಿಂತು ಸಾಕ್ಷಿ ಹೇಳುವುದು ಎಲ್ಲ ಸಭೆಗಳಲ್ಲೂ ಇದ್ದದ್ದೇ. ಈ ಕೋಣೆಯಲ್ಲಿ ಗಟ್ಟಿ ನಂಬಿಕೆಯವರು, ಬೇಡಿದ್ದು ಸಿಗುವ ಮೊದಲೇ, ಸಿಕ್ಕಿತೆಂದೇ ಸಾಕ್ಷಿ ಹೇಳುತ್ತಿದ್ದರು. ಹಾಗೆ ಹೇಳಿದವರ ಬೇನೆ ವಾಸಿಯಾಗಿತ್ತು, ಬಂಜೆಯ ಮಡಿಲು ತುಂಬಿತ್ತು. ಪಾಸ್ಟರಮ್ಮ ಪ್ರಫುಲ್ಲಾ ಗುಂಡಮ್ಮನ ತಲೆಯ ಮೇಲೆ ಕೈಯಿಟ್ಟು, ಕಣ್ಣಿಗೆ ಕಂಡ ಮೇಲೆ ಯಾರು ಬೇಕಾದರೂ ನಂಬುತ್ತಾರೆ ಎಂದರು.

ಒಂದು ಭಾನುವಾರ ಗುಂಡಮ್ಮ ಸೆರಗು ಹೊದ್ದು ಎದ್ದು ನಿಂತಳು.

"ನನ್ನ ಗಂಡ ಮನಿಗೆ ಬಂದಾನ. ದೇವರಿಗೆ ಸ್ತೋತ್ರ."

ಒಳಗಿದ್ದವರಿಗೆ ಅದರ ಅರ್ಥ ಗೊತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ಸೊಸೆಗಾಗಿ ಕಾಯುತ್ತ ಕೂತಿದ್ದ ನೆರೆಮನೆಯ ಬಸಲಿಂಗಮ್ಮನಿಗೆ ಗೊತ್ತಿರಲಿಲ್ಲ. ಗುಂಡಮ್ಮ ಮನೆ ಸೇರುವಷ್ಟರಲ್ಲಿ ಸುದ್ದಿ ಓಣಿ ದಾಟಿ ಅಡ್ಡಾ ಮುಟ್ಟಿತ್ತು. ಭೀಮಾಶಂಕರ ಹುಡುಕುವುದನ್ನು ಬಿಟ್ಟ. ಬಂದವನಿಗೆ ತಮ್ಮನ ನೆನಪಾಗಲಿಲ್ಲ ಅಂದ್ರ, ಹೆಂಡ್ತಿ ಸೆರಗಿನ್ಯಾಗೇ ಇರಲಿ ಅನ್ನು ಎಂದು ಹೇಳಿಕಳಿಸಿ, ಕಂಬಿ ಕಟ್ಟುವ ಕೆಲಸಕ್ಕೆ ಮರಳಿದ.

ಓಡಿಹೋಗಿ ಮೈದುನನಿಗೆ ನಿಜ ಹೇಳಬೇಕೆಂದು ಗುಂಡಮ್ಮ ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲೇ ನಿಂತಳು. ಆಡಿದ ಸಾಕ್ಷಿ ಹಿಂದಕ್ಕೆ ತೆಗೆದುಕೊಂಡರೆ, ದಾರಿಯಲ್ಲಿ ಬರುತ್ತಿರುವವನನ್ನು ತಾನೇ ಕೈಯಾರೆ ನೂಕಿದಂತಾಗುತ್ತದೆ. ಚಪ್ಪಲಿ ಬಿಟ್ಟು ಒಳಗೆ ಬಂದಳು.

ಆಮೇಲೆ ಅವನು ಕಾಣತೊಡಗಿದ.

ಮೊದಲು ಬಸಲಿಂಗಮ್ಮನಿಗೆ. ನೀರಿನ ಟ್ಯಾಂಕರಿನ ಹತ್ತಿರ ನಿನ್ನ ಗಂಡನೇ ಕೊಡ ಎತ್ತಿಕೊಟ್ಟ, ಮಾತಾಡಿಸಿದರೆ ಸುಮ್ಮನೆ ನಕ್ಕ ಎಂದಳು. ಬೇಗಂಪೇಟೆಯಲ್ಲಿ ಆಫೀಸು ಗುಡಿಸುವ ಉಮಾಶ್ರೀ ಅಲ್ಲಿನ ರೈಲು ನಿಲ್ದಾಣದಲ್ಲಿ ಕಂಡೆನೆಂದಳು. ಅವರ ದನಿಯಲ್ಲಿ ಅಚ್ಚರಿಯೇ ಇರಲಿಲ್ಲ. ಮನೆಗೆ ಬಂದವನು ಹೊರಗೆ ಕಾಣದೆ ಇರುತ್ತಾನೆಯೇ? ಯಾವ ಅಂಗಿ ಇತ್ತೆಂದು ಗುಂಡಮ್ಮ ಕೇಳಿದಳು. ಇಬ್ಬರೂ ಹೇಳಿದ್ದು ನೀಲಿ ಗೀಟಿನದು. ಅವನು ತೊಟ್ಟು ಹೋದದ್ದು ಅದಲ್ಲ. ಆ ನೀಲಿ ಅಂಗಿ ಮನೆಯಲ್ಲೇ ಮೊಳೆಗೆ ತೂಗುತ್ತಿತ್ತು. ಹೋಗಿ ಮುಟ್ಟಿ ನೋಡಿದಳು. ಕೊರಳಪಟ್ಟಿ ತೇವವಾಗಿತ್ತು. ಈ ಮಳೆಯ ಹವೆಗೆ ಯಾವ ಬಟ್ಟೆ ಒಣಗುತ್ತದೆ ಎಂದುಕೊಂಡಳು.

ನಂಬದವರಿಗೆ ಕಾಣುವವನು ನಂಬಿದವಳಿಗೇಕೆ ಕಾಣನು? ಬಾಗಿಲು ತೆರೆದಿಟ್ಟು ಕೂತಳು, ಉಪವಾಸ ಮಾಡಿದಳು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಕೈ ತಾನಾಗಿ ನಿಂತಿತು. ಅವನನ್ನು ಎಲ್ಲರೂ ನೋಡುತ್ತಿದ್ದರು. ಹುಡುಕುವವರು ಒಬ್ಬರೂ ಇರಲಿಲ್ಲ. ನಾಚಾರಂನ ಯಾವುದೋ ಶೆಡ್ಡಿನಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದರೆ, ತನ್ನ ಸಾಕ್ಷಿಯೇ ಅವನ ಮೇಲೆ ಮಣ್ಣೆಳೆದಂತೆ. ಒಲೆ ಆರಿಸಿ ಎದ್ದಳು.

ಭೀಮಾಶಂಕರ ಕಟ್ಟಡದ ಬುಡದಲ್ಲಿ ಕಂಬಿ ಬಗ್ಗಿಸುತ್ತಿದ್ದ. ಅವಳು ಎಲ್ಲ ಹೇಳಿದಳು. ಅವನು ತಲೆಯೆತ್ತಲಿಲ್ಲ.

"ಚ್ಯಾಷ್ಟಿ ಮಾಡಬ್ಯಾಡ ವೈನಿ. ಮೊನ್ನೆ ಅಣ್ಣ ಇಲ್ಲೇ ಲಿಫ್ಟಿನ ಗುಂಡಿ ಹತ್ರ ನಿಂತಿದ್ದ. ನಾನೇ ಸಿಟ್ಟಿಲೆ ಮಾರಿ ತಿರುವಿದೆ."

"ನೀ ಕಂಡಿರಬಹುದು. ನಾ ಕಂಡಿಲ್ಲ. ನಾ ಹೇಳಿದ್ದು ನಂಬಿಗಿಯೋ ಸುಳ್ಳೋ, ಅದನ್ನ ಆ ದೇವರೇ ನೋಡ್ಕೋಲಿ. ಅವ ಮನಿಗೆ ಬಂದಿಲ್ಲ, ಶಂಕರ. ಹುಡುಕೋಣ ನಡಿ."

ಅವನು ತಲೆಯೆತ್ತಿ ಲಿಫ್ಟಿನ ಗುಂಡಿಯತ್ತ ನೋಡಿದ. ಕೈಯಲ್ಲಿದ್ದ ಕಂಬಿಯನ್ನು ಸದ್ದಾಗದಂತೆ ನೆಲಕ್ಕಿಟ್ಟ.

ನಾಚಾರಂ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಅವನು ಪಕ್ಕದಲ್ಲಿ ಮೇಲಿನ ಸರಳು ಹಿಡಿದು ನಿಂತ. ಕಂಡಕ್ಟರಮ್ಮ ಗುಂಡಮ್ಮನ ಆಧಾರ್ ನೋಡಿ ಹೆಂಗಸರ ಪುಕ್ಕಟೆ ಚೀಟಿ ಹರಿದುಕೊಟ್ಟಳು. ಭೀಮಾಶಂಕರ ಎರಡು ಟಿಕೀಟು ಕೇಳಿದ. ಇನ್ನೊಬ್ಬರೆಲ್ಲಿ ಎಂದು ಅವಳು ತೆಲುಗಿನಲ್ಲಿ ಕೇಳಿದಾಗ, ತಲೆ ಹೊರಳಿಸದೆ ಬರೀ ಕಣ್ಣಿನಿಂದ ಹಿಂದಿನ ಬಾಗಿಲು ತೋರಿಸಿದ. ಕಂಡಕ್ಟರಮ್ಮ ಅತ್ತ ನೋಡಿ, ಸರಿಯೆಂಬಂತೆ ಮಷೀನು ಒತ್ತಹೋದಳು.

ಗುಂಡಮ್ಮನ ಕುತ್ತಿಗೆ ಉರಿಯಿತು. ಹೊರಳಿ ನೋಡುವುದಕ್ಕೆ ಒಂದು ಗಳಿಗೆ ಸಾಕಿತ್ತು. ಅವಳು ಎದುರಿನ ಗಾಜಿನಿಂದ ಕಣ್ಣು ಕೀಳಲಿಲ್ಲ.

"ಒಂದೇ ಕೊಡವ್ವ," ಎಂದಳು. "ಅವನ್ನ ಕರಕೊಂಡು ಬರಾಕ ಹೊಂಟೀವಿ. ಬರುವಾಗ ಎರಡು ತಗೋತೀವಿ."

ಭೀಮಾಶಂಕರ ಹಿಂದಕ್ಕೆ ತಿರುಗಿ, ಇಳಿ ಎನ್ನುವಂತೆ ಯಾರಿಗೋ ಮೆಲ್ಲಗೆ ಕೈಸನ್ನೆ ಮಾಡಿದ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಹಿಂದಿನ ಬಾಗಿಲಿನಿಂದ ಯಾರೋ ಇಳಿದರು. ಬಸ್ಸು ಒಬ್ಬ ಆಳಿನಷ್ಟು ಹಗುರಾಗಿ ಮುಂದೆ ಹೋಯಿತು.