ಎರಡು ಹೆಜ್ಜೆ ಎಡಕ್ಕೆ

ಮದುವೆ ವಿಡಿಯೋ ತೆಗೆಯುವವನಿಗೆ ದೊಡ್ಡ ಶತ್ರು ಕತ್ತಲೆಯಲ್ಲ, ಕೈಕೊಡುವ ಕರೆಂಟೂ ಅಲ್ಲ. ಪುರೋಹಿತರ ತಲೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಅದು ಅಡ್ಡ ಬರುತ್ತದೆ. ಆಗ ಸದ್ದಿಲ್ಲದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕು. ಟೈಲರ್ ಕರೀಂ ಸಾಬರ ಮಗ ಅಫ್ತಾಬ್ ಕ್ಯಾಮೆರಾ ಹಿಡಿದರೆ ಒಂದು ಗಂಟೂ ತಪ್ಪುವುದಿಲ್ಲ ಎಂದು ತಿಪಟೂರಿನಲ್ಲಿ ನನಗೆ ಹೆಸರು ಬಂದದ್ದೇ ಆ ಎರಡು ಹೆಜ್ಜೆಗಳಿಂದ. ಒಬ್ಬ ಒಳ್ಳೆಯ ಮುದುಕನ ಎದೆ ಒಡೆದದ್ದೂ ಅವುಗಳಿಂದಲೇ.

ತೆಂಗಿನ ಸೀಮೆಯಲ್ಲಿ ಹಾಯಿದೋಣಿ ಎಂದರೆ ಈಗಲೂ ಜನ ನಗುತ್ತಾರೆ. ನಗಲಿ. ಅದನ್ನು ತಂದವರು ದಂಡಿನಶಿವರದ ಕಡೆಯ ಸದಾಶಿವಯ್ಯ. ಇಪ್ಪತ್ತು ವರ್ಷ ನೌಕಾಪಡೆಯಲ್ಲಿದ್ದು ಊರಿಗೆ ಮರಳಿದವರು, ದೊಡ್ಡಕೆರೆ ಕೋಡಿ ಬಿದ್ದ ವರ್ಷ ಪ್ಲೈವುಡ್ ತಂದು ನಾಲ್ಕು ಪುಟ್ಟ ದೋಣಿ ಕಟ್ಟಿದರು. ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿ ಕಡೆಯಿಂದ ಬಂದ ಖಾಲಿ ಚೀಲಗಳನ್ನು ತೊಳೆದು ಒಣಗಿಸಿ ನಮ್ಮಪ್ಪನ ಮುಂದೆ ರಾಶಿ ಹಾಕಿದರು. ಅಪ್ಪ ಬೈಯುತ್ತಲೇ ಹಾಯಿ ಹೊಲಿದುಕೊಟ್ಟರು. ಸುತ್ತಿನ ಹಳ್ಳಿಯ ಹುಡುಗ ಹುಡುಗಿಯರು ಭಾನುವಾರ ಬಂದು ದೋಣಿ ನಡೆಸುವುದನ್ನು ಕಲಿತರು. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಭಾನುಪ್ರಿಯಾ. ಹತ್ತೊಂಬತ್ತರ ಹುಡುಗಿ, ಗಾಳಿ ತಿರುಗುವ ಮೊದಲೇ ಅವಳ ಕೈ ತಿರುಗುತ್ತಿತ್ತು.

ಅವಳ ತಾತ ಮೂಡಲಗಿರಿಯಪ್ಪ. ಮೂರು ತಾಲ್ಲೂಕಿನಲ್ಲಿ ಯಾರೇ ಹೊಸ ತೋಟ ಇಡಲಿ, ಗುಂಡಿ ತೆಗೆಯುವ ಮೊದಲು ಸಸಿಯ ಗುರುತಿಗೆ ನೆಟ್ಟ ಗೂಟ ನೋಡಲು ಅವರೇ ಬರಬೇಕು. ಸಾಲಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಮುಂದಿನ ಗೂಟ ಹಿಂದಿನವನ್ನೆಲ್ಲ ನುಂಗುವವರೆಗೆ ‘ಎಡಕ್ಕೆ ಒಂದು ಬೆರಳು’, ‘ಬಲಕ್ಕೆ ಅರ್ಧ ಬೆರಳು’ ಎನ್ನುತ್ತಿದ್ದರು. ಹಗ್ಗ ಮುಟ್ಟುತ್ತಿರಲಿಲ್ಲ. ಹಗ್ಗ ಗಾಳಿಗೆ ಬಾಗುತ್ತದೆ, ನೋಟ ಬಾಗುವುದಿಲ್ಲ ಎನ್ನುವುದು ಅವರ ಮಾತು. ಅವರು ನೋಡಿ ಇಡಿಸಿದ ತೋಟದಲ್ಲಿ ಇವತ್ತಿಗೂ ನೀವು ತುದಿಯಲ್ಲಿ ನಿಂತರೆ ನೂರು ಮರ ಒಂದೇ ಮರವಾಗಿ ಕಾಣುತ್ತವೆ.

ದೋಣಿ ಓಟದ ಆರಂಭದ ಗೆರೆಗೂ ಬೇಕಾದದ್ದು ಅದೇ ವಿದ್ಯೆ. ದಡದಲ್ಲೊಂದು ಬಿದಿರು, ನೀರಿನೊಳಗೆ ದೂರದಲ್ಲೊಂದು ಬಿದಿರು. ಎರಡರ ನಡುವಿನ ಕಾಣದ ಗೆರೆಯೇ ಬಾಗಿಲು. ದೋಣಿಗಳು ಎಡದಿಂದ ಬರುತ್ತವೆ. ಸೀಟಿ ಊದುವ ಮೊದಲು ಯಾರ ಮೂತಿಯೂ ಆ ಗೆರೆ ದಾಟಬಾರದು. ದಾಟಿದರೆ ಕೆಂಪು ಬಟ್ಟೆ ಎತ್ತುತ್ತಾರೆ, ದಾಟಿದವರು ಹಿಂದಕ್ಕೆ ಬಂದು ಮತ್ತೆ ಹೊರಡಬೇಕು. ದಡದ ಬಿದಿರಿನ ಹಿಂದೆ ಕೂತು ಒಂದು ಕಣ್ಣು ಮುಚ್ಚುವ ಕೆಲಸವನ್ನು ಸದಾಶಿವಯ್ಯ ಮೂಡಲಗಿರಿಯಪ್ಪನವರಿಗೇ ಕೊಟ್ಟಿದ್ದರು. ಎರಡು ವರ್ಷ ಅವರ ಮಾತಿಗೆ ಯಾರೂ ಎದುರಾಡಲಿಲ್ಲ.

ಮೂರನೆಯ ವರ್ಷ, ತೊಂಬತ್ತೊಂಬತ್ತರ ನವೆಂಬರಿನಲ್ಲಿ, ಬೆಂಗಳೂರಿನಿಂದ ಕ್ರೀಡಾ ಇಲಾಖೆಯ ಒಬ್ಬ ಸಾಹೇಬರು ಬಂದರು. ಗೆದ್ದವರೊಬ್ಬರನ್ನು ಮಂಗಳೂರಿನ ತರಬೇತಿಗೆ ಕರೆದೊಯ್ಯುತ್ತೇವೆ, ಆರು ತಿಂಗಳು ಸಮುದ್ರದ ಮೇಲೆ ಎಂದರು. ಭಾನುಪ್ರಿಯಾ ಕೆರೆ ಬಿಟ್ಟು ಬೇರೆ ನೀರು ಕಂಡವಳಲ್ಲ. ಅವಳ ಮನೆಯಲ್ಲಿ ಆಗಲೇ ಗಂಡು ನೋಡುತ್ತಿದ್ದರು. “ಗೆದ್ರೆ ಕಳಿಸ್ತೀನಿ. ಮದ್ವೆ ಎಲ್ಲೂ ಓಡೋಗಲ್ಲ,” ಎಂದು ತಾತನೇ ಮಾತು ಕೊಟ್ಟಿದ್ದರು.

ಸಾಹೇಬರಿಗೆ ಕಣ್ಣಿನ ಮೇಲೆ ನಂಬಿಕೆ ಕಡಿಮೆ. ಅವರ ಕೈಯಲ್ಲೊಂದು ಜಿಪಿಎಸ್ ಡಬ್ಬಿ ಇತ್ತು. ಆಕಾಶದ ಉಪಗ್ರಹ ನೋಡಿ ನಿಂತ ಜಾಗ ಹೇಳುತ್ತದಂತೆ. ದೋಣಿಗಳು ಸುತ್ತಿ ಬರಬೇಕಾದ ಡ್ರಮ್ಮನ್ನು ಅದನ್ನು ನೋಡಿಯೇ ಇಡಿಸಿದರು. ಹತ್ತು ನಿಮಿಷಕ್ಕೆ ಡಬ್ಬಿ ಬೇರೆ ಜಾಗ ಹೇಳಿತು. ಡ್ರಮ್ಮು ತೇಲಿಹೋಗುತ್ತಿದೆ ಎಂದು ಸಾಹೇಬರು ಮತ್ತೆ ಸರಿಸಿದರು. ಹೀಗೆ ಮೂರು ಸಲ.

“ಚಪ್ಪಡಿ ಕಲ್ಲು ಕಟ್ಟಿದ್ದೀನಿ ಸಾರ್, ಅದೆಲ್ಲಿಗೆ ಹೋಗ್ತದೆ?” ಎಂದರು ಸದಾಶಿವಯ್ಯ.

“ಮಿಷನ್ ಸುಳ್ಳು ಹೇಳುತ್ತೇನ್ರೀ?” ಎಂದರು ಸಾಹೇಬರು.

ಆರಂಭದ ಗೆರೆಗೆ ಕ್ಯಾಮೆರಾ ಬೇಕೆಂದರು. ನನ್ನನ್ನು ಕರೆಸಿದರು. “ಮೂಡಲಗಿರಿಯಪ್ಪನವರು ಕೂತ ಜಾಗದ ಹಿಂದೆಯೇ ನಿಲ್ಲಿಸು, ಎರಡು ಬಿದಿರೂ ಒಂದರ ಹಿಂದೊಂದು ಕಾಣಬೇಕು,” ಎಂದು ಸದಾಶಿವಯ್ಯ ತಾವೇ ನನ್ನ ಸ್ಟ್ಯಾಂಡಿನ ಕಾಲು ಊರಿಸಿ ಹೋದರು. ನಾನು ತಲೆ ಆಡಿಸಿದೆ. ಯಾಕೆ ಎಂದು ಕೇಳಲಿಲ್ಲ. ಕೇಳಿದರೆ ನನ್ನ ಹೆಸರು ಏನಾಗಬೇಕು!

ದೋಣಿಗಳು ಗೆರೆಗೆ ಬರುತ್ತಿದ್ದವು. ನಾನು ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡಿದರೆ ಬರೀ ರುಮಾಲು. ಮೂಡಲಗಿರಿಯಪ್ಪ ಅವತ್ತು ಮೊಮ್ಮಗಳ ಓಟವೆಂದು ಜರಿಯಂಚಿನ ದೊಡ್ಡ ರುಮಾಲು ಸುತ್ತಿ ಬಂದಿದ್ದರು. ಕಸುಬಿನ ಕಾಲು ತಾನೇ ನಡೆಯಿತು. ಸ್ಟ್ಯಾಂಡ್ ಎತ್ತಿ ಎರಡು ಹೆಜ್ಜೆ ಎಡಕ್ಕೆ ಸರಿದು, ಜೂಮ್ ಮಾಡಿ ದೂರದ ಬಿದಿರನ್ನು ಹತ್ತಿರಕ್ಕೆ ಎಳೆದುಕೊಂಡೆ. ಚಿತ್ರ ಅದ್ಭುತವಾಗಿ ಬಂತು. ಸೀಟಿ ಊದಿದರು. ಕೆಂಪು ಬಟ್ಟೆ ಏಳಲಿಲ್ಲ.

ಭಾನುಪ್ರಿಯಾ ಗೆದ್ದಳು. ಎರಡನೆಯವನು ತಿಮ್ಮೇಶ್, ನಾಲ್ಕು ಮಾರು ಹಿಂದೆ. ಅವಳು ದಡಕ್ಕೆ ಹಾರಿ ತಾತನ ಕೊರಳಿಗೆ ಜೋತುಬಿದ್ದಳು. ಆಗಲೇ ತಿಮ್ಮೇಶನ ಕಡೆಯವರು ಗಲಾಟೆ ತೆಗೆದರು.

“ತಾತ ತೀರ್ಪು, ಮೊಮ್ಮಗಳು ಓಟ. ಬೇಲಿನೇ ಎದ್ದು ಹೊಲ ಮೇದ್ರೆ ಯಾರ್ ಕೇಳ್ಬೇಕು? ಮೊದ್ಲೇ ದಾಟವ್ಳೆ ಅವ್ಳು!”

“ಕ್ಯಾಮೆರಾ ಇದೆಯಲ್ಲ, ನೋಡೋಣ,” ಎಂದರು ಸಾಹೇಬರು. ಪಂಪ್‌ಹೌಸಿನಲ್ಲಿ ಟಿವಿ ಇಟ್ಟು ಟೇಪು ಹಾಕಿದೆ. ನನಗೋ ಹೆಮ್ಮೆ. ಸೀಟಿಯ ಸದ್ದು ಕೇಳುವ ಕ್ಷಣಕ್ಕೆ ಚಿತ್ರ ನಿಲ್ಲಿಸಿದೆ. ಭಾನುಪ್ರಿಯಾಳ ದೋಣಿಯ ಮೂತಿ ದೂರದ ಬಿದಿರಿನಿಂದ ಮೊಳದುದ್ದ ಆಚೆಗಿತ್ತು.

ಸಾಹೇಬರು ಕೆಟ್ಟವರಲ್ಲ. “ಯಜಮಾನ್ರೇ, ನಿಮ್ಮ ಕಣ್ಣಿಗೆ ಖಂಡಿತ ದಾಟಿರಲಿಲ್ಲ ಅನ್ನೋದಾದ್ರೆ ಹೇಳಿ. ಓಟ ಮತ್ತೆ ನಡೆಸೋಣ,” ಎಂದರು.

ಭಾನುಪ್ರಿಯಾ ತಾತನ ತೋಳು ಹಿಡಿದಳು. “ನೀನ್ ನೋಡ್ದೆ ತಾನೇ ತಾತ? ಹೇಳು. ನೋಡ್ದೆ ಅಂತ ಹೇಳು.”

ಅವರು ಟಿವಿ ನೋಡಿದರು, ಅವಳನ್ನು ನೋಡಿದರು, ಸುತ್ತ ನಿಂತ ಜನರನ್ನು ನೋಡಿದರು. ಆಮೇಲೆ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನನ್ ಕಣ್ಣೇ ತಪ್ಪಿರ್ಬೇಕು ಕಣವ್ವಾ,” ಎಂದರು. “ಮಿಷನ್‌ಗೆ ಮೊಮ್ಮಗಳಿಲ್ಲ.”

ಅವಳು ತೋಳು ಬಿಟ್ಟಳು. ತಿಮ್ಮೇಶ್ ಮಂಗಳೂರಿಗೆ ಹೋದ.

ಮೂರು ದಿನ ಬಿಟ್ಟು ಅಂಗಡಿಯಲ್ಲಿ ಆ ಟೇಪನ್ನು ಮೊದಲಿಂದ ನೋಡಿದೆ. ಶುರುವಿನಲ್ಲಿ ಎರಡು ಬಿದಿರೂ ಒಂದಾಗಿ ನಿಂತಿದ್ದವು. ಆಮೇಲೆ ರುಮಾಲು. ಆಮೇಲೆ ಚಿತ್ರ ಗಡಗಡ ಅಲುಗಿ, ನಿಂತಾಗ ದಡದ ಬಿದಿರು ಬೇರೆ, ದೂರದ ಬಿದಿರು ಬೇರೆ; ಹತ್ತಿರಕ್ಕೆ ಎಳೆದ ಮೇಲೆ ದೂರದ್ದೊಂದೇ. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಹಾರುತ್ತದೆ. ಬೆರಳು ಎಲ್ಲಿಗೂ ಹೋಗಿರುವುದಿಲ್ಲ, ನೋಡುವ ಜಾಗ ಸರಿದಿರುತ್ತದೆ. ಎಡಕ್ಕೆ ಸರಿದು ನೋಡಿದವನಿಗೆ ಗೆರೆಯ ಹಿಂದಿರುವ ದೋಣಿಯೂ ದೂರದ ಬಿದಿರು ದಾಟಿದಂತೆ ಕಾಣುತ್ತದೆ. ಕಾಗದದ ಮೇಲೆ ಗೀಟು ಹಾಕಿ ನಾಲ್ಕು ಸಲ ನೋಡಿದೆ. ನಾಲ್ಕು ಸಲವೂ ಅವಳು ದಾಟಿರಲಿಲ್ಲ.

ಆ ಕ್ಷಣವೇ ಸೈಕಲ್ ಹತ್ತಬೇಕಿತ್ತು. ಹತ್ತಲಿಲ್ಲ. ಮದುವೆ ಸೀಜನ್ ಎದುರಿಗಿತ್ತು, ನಾಳೆ ಹೇಳೋಣ ಎಂದುಕೊಂಡೆ. ಹೇಡಿಯ ಪಂಚಾಂಗದಲ್ಲಿ ನಾಳೆ ಬಿಟ್ಟು ಬೇರೆ ದಿನವಿಲ್ಲ.

ಹದಿನೈದು ದಿನಕ್ಕೆ ಮೂಡಲಗಿರಿಯಪ್ಪನವರೇ ಅಂಗಡಿಗೆ ಬಂದರು. ಬರಿತಲೆ.

“ಅಫ್ತಾಬಾ, ಅದನ್ನ ಇನ್ನೊಂದ್ಸಲ ತೋರ್ಸಪ್ಪ. ಮೊಮ್ಮಗಳು ನನ್ ಕೂಡೆ ಮಾತಾಡ್ತಿಲ್ಲ ಕಣ್ಲಾ. ಮುದ್ದೆ ತಂದು ಮುಂದೆ ಇಟ್ಟು ಹೊಂಟೋಯ್ತದೆ. ನಾನು ಅದೆಂಗ್ ತಪ್ಪಿ ನೋಡ್ದೆ ಅಂತ ತಿಳೀಬೇಕು.”

ಟೇಪು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು.

“ಅದರ ಮೇಲೆ ಯಾವುದೋ ಮದುವೆ ತೆಗೆದುಬಿಟ್ಟೆ ಯಜಮಾನ್ರೇ. ಅಳಿಸಿಹೋಯ್ತು,” ಎಂದೆ.

“ಹೋಗ್ಲಿ ಬುಡು,” ಎಂದು ಅವರು ಮೆಟ್ಟಿಲಿಳಿದರು. ಇಳಿಯುವಾಗ ಗೋಡೆ ಹಿಡಿದುಕೊಂಡರು. ಕಣ್ಣಿನ ಮೇಲೆ ಅವರಿಗೆ ಅಷ್ಟು ಅನುಮಾನ ಬಂದಿತ್ತು.

ಫೆಬ್ರವರಿಯಲ್ಲಿ ಭಾನುಪ್ರಿಯಾಳ ಮದುವೆಯಾಯಿತು, ಅರಸೀಕೆರೆ ಕಡೆಯ ಗಂಡು. ಮದುವೆಗೆ ಕ್ಯಾಮೆರಾ ಬೇಡ ಎಂದಳಂತೆ. ಹೋದವಳು ಯುಗಾದಿಗೂ ಬರಲಿಲ್ಲ. ಹೊಸ ತೋಟ ಇಡುವವರು ಗೂಟ ನೋಡಲು ಕರೆಯಲು ಹೋದರೆ ಮೂಡಲಗಿರಿಯಪ್ಪ “ಹಗ್ಗ ಕಟ್ಕೊಳ್ರಪ್ಪ” ಎಂದು ಕಳಿಸಿದರಂತೆ. ಈ ಸುದ್ದಿಗಳು ಒಂದೊಂದೇ ಅಂಗಡಿಗೆ ಬಂದು ನನ್ನೆದುರು ಕೂರುತ್ತಿದ್ದವು. ಆದರೂ ನಾನು ಎದ್ದಿರಲಿಲ್ಲ.

ನನ್ನನ್ನು ಎಬ್ಬಿಸಿದ್ದು ಮೇ ತಿಂಗಳ ಒಂದು ಪೇಪರ್ ಸುದ್ದಿ. ಜಿಪಿಎಸ್ ಉಪಗ್ರಹಗಳು ಜನಸಾಮಾನ್ಯರ ಡಬ್ಬಿಗಳಿಗೆ ಇಷ್ಟು ವರ್ಷ ಬೇಕೆಂದೇ ತಪ್ಪು ಜಾಗ ತೋರಿಸುತ್ತಿದ್ದವಂತೆ, ನೂರು ಮೀಟರಿನವರೆಗೂ. ಅಮೆರಿಕದವರು ಆ ತಪ್ಪನ್ನು ಈಗ ತೆಗೆದುಹಾಕಿದ್ದಾರಂತೆ. ಅಂದರೆ ಡ್ರಮ್ಮು ಅವತ್ತು ನಿಂತಲ್ಲೇ ನಿಂತಿತ್ತು. ಸುಳ್ಳು ಹೇಳಿದವರೇ ಒಪ್ಪಿಕೊಂಡಿದ್ದರು. ಕರೀಂ ಸಾಬರ ಮಗ ಮಾತ್ರ ಇನ್ನೂ ಒಪ್ಪಿಕೊಂಡಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಟೇಪು ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದೆ.

ಅವರು ಹಿತ್ತಲಲ್ಲಿ ಕಾಯಿ ಸುಲಿಯುತ್ತ ಕೂತಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ರುಮಾಲು, ಎರಡು ಹೆಜ್ಜೆ, ಬೇರೆಯಾದ ಬಿದಿರು, ಅಳಿಸಿದೆ ಎಂದ ಸುಳ್ಳು, ಎಲ್ಲ. ಬೈಯಲಿ, ಕಾಯಿ ಎತ್ತಿ ಎಸೆಯಲಿ ಎಂದು ಕಾದೆ.

ಅವರ ಮುಖ ಒಂದು ಕ್ಷಣ ಬೆಳಗಿತು. ಎದುರಿನ ತೆಂಗಿನ ಸಾಲಿನ ಕಡೆ ತಿರುಗಿ ಒಂದು ಕಣ್ಣು ಮುಚ್ಚಿದರು.

“ಹಂಗಾದ್ರೆ ನಾನ್ ನೋಡಿದ್ದು ಸರಿ ಇತ್ತು.”

“ಸರಿ ಇತ್ತು ಯಜಮಾನ್ರೇ. ಬೆರಳಷ್ಟೂ ತಪ್ಪಿರಲಿಲ್ಲ.”

ಮುಚ್ಚಿದ ಕಣ್ಣು ತೆರೆಯುವಷ್ಟರಲ್ಲಿ ಆ ಬೆಳಕು ಹೋಗಿತ್ತು.

“ಕಣ್ಣೇ ತಪ್ಪಿದ್ರೆ ಚೆನ್ನಾಗಿತ್ತಪ್ಪ,” ಎಂದರು ಮೆಲ್ಲಗೆ. “ವಯಸ್ಸಾಯ್ತು, ಮಂಜಾಯ್ತು ಅಂತ ಆರು ತಿಂಗ್ಳಿಂದ ಸಮಾಧಾನ ಮಾಡ್ಕಂಡಿದ್ದೆ. ಅವತ್ತು ನಂಗೆ ಚೆನ್ನಾಗ್ ಕಂಡಿತ್ತು ಕಣ್ಲಾ. ಮೂತಿ ಇನ್ನೂ ಒಂದು ಗೇಣು ಹಿಂದಿತ್ತು. ಮೊಮ್ಮಗಳ ಪರ ವಯಿಸ್ದ ಅಂತಾರಲ್ಲ ಅಂತ ಹೆದ್ರಿ, ಕಂಡಿದ್ದನ್ನ ಕಾಣ್ಲಿಲ್ಲ ಅಂದೆ. ನೀನ್ ಎರಡೆಜ್ಜೆ ಸರ್ದೆ. ನಾನ್ ಎಷ್ಟ್ ದೂರ ಸರ್ದೆ ನೋಡು.”

ಅರಸೀಕೆರೆಗೆ ಹೋಗಿ ಅವಳಿಗೂ ಹೇಳಿ ಬರುತ್ತೇನೆ ಎಂದೆ. ಅವರು ನನ್ನ ಕೈ ಹಿಡಿದರು. ನಾರು ಸುಲಿದ ಬೆರಳುಗಳು ಒರಟಾಗಿದ್ದವು.

“ಬ್ಯಾಡ. ತಾತುಂಗೆ ಕಣ್ ಕಾಣ್ಸಲ್ಲ ಅಂತ ಯಾವತ್ತಾದ್ರೂ ಅದು ನನ್ನ ಕ್ಷಮಿಸ್ಬೋದು. ಕಂಡೂ ಕೈ ಬಿಟ್ಟ ಅಂತ ಗೊತ್ತಾದ್ರೆ ಕ್ಷಮಿಸ್ತದಾ? ಅಳಿಸ್ದೆ ಅಂದಿದ್ದೆಯಲ್ಲ ನನ್ ತಾವ. ಅಳಿಸೇ ಬುಡು.”

ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಭಾನುಪ್ರಿಯಾ ಬಂದಳು, ಹೆಣದ ಕಾಲ ಹತ್ತಿರ ಕೂತಳು. ಮುಖ ನೋಡಲಿಲ್ಲ. ನಾನು ಬೇಲಿಯ ಆಚೆ ನಿಂತಿದ್ದೆ. ಬಾಯಿಗೆ ಬಂದ ಮಾತನ್ನು ನುಂಗಿ ಹಿಂದಿರುಗಿದೆ. ಅದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ. ತೋರಿಸಲು ನನ್ನ ಬಳಿ ಏನೂ ಉಳಿದಿರಲೂ ಇಲ್ಲ. ಅವರು ಅಳಿಸೆಂದ ವಾರವೇ ಅರಳಗುಪ್ಪೆಯ ಒಂದು ಮದುವೆಯನ್ನು ಆ ಟೇಪಿನ ಮೇಲೆ ತೆಗೆದಿದ್ದೆ. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರ ತಲೆ ಅಡ್ಡ ಬಂತು. ಗಟ್ಟಿಮೇಳ ಮುಗಿದು ಅಕ್ಷತೆ ಬಿದ್ದರೂ ನಾನು ನಿಂತ ಜಾಗದಿಂದ ಕದಲಲಿಲ್ಲ.