ಒಕ್ಬುನಜ್ಜಿಯ ದ್ರಾಕ್ಷಿರಸ

ಮಾನ್ಸೊಕ್ ಕುಡಿತ ಬಿಟ್ಟು ಏಳು ತಿಂಗಳಾಗಿತ್ತು. ಹಿಂದೆಯೂ ಎರಡು ಸಲ ಬಿಟ್ಟಿದ್ದ. ಒಮ್ಮೆ ತಮ್ಮನ ಮದುವೆಯಲ್ಲಿ, ಇನ್ನೊಮ್ಮೆ ಮೀನಿಗೆ ಹೋದಾಗ ಚಳಿಗೆಂದು, ಒಂದೊಂದೇ ಗುಟುಕು ಸೋಜು ಸಾರಾಯಿ ಕುಡಿದಿದ್ದ. ಒಂದೊಂದು ಗುಟುಕೂ ಅವನನ್ನು ವರ್ಷಗಟ್ಟಲೆ ಬೀದಿಗೆ ಕೆಡವಿತ್ತು. ಎರಡನೆಯ ಸಲಕ್ಕೆ ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಮೂರನೆಯ ಸಲ ಅವನನ್ನು ಎಬ್ಬಿಸಿ ನಿಲ್ಲಿಸಿದವರು ಅವನಿದ್ದ ದ್ವೀಪದ ಸಣ್ಣ ಚರ್ಚಿನವರು. ಬೆಳಗಿನ ಐದರ ಪ್ರಾರ್ಥನೆಗೆ ಅವನು ಕಾಣಿಸದಿದ್ದರೆ ಯಾರಾದರೊಬ್ಬರು ಹೋಗಿ ಬಾಗಿಲು ಬಡಿಯುತ್ತಿದ್ದರು. ಹೆಚ್ಚಾಗಿ ಹೋಗುತ್ತಿದ್ದವಳು ಒಕ್ಬುನಜ್ಜಿ.

"ಏ ಮಾನ್ಸೊಕ್, ಸತ್ತಿದ್ಯೋ ಬದುಕಿದ್ಯೋ?"

"ಬದುಕಿದ್ದೀನಿ ಅಜ್ಜಿ."

"ಹಾಗಾದ್ರೆ ಎದ್ದು ಮುಖ ತೊಳ್ಕೊ. ಸತ್ತಿದ್ರೆ ನಾವೇ ತೊಳೀತಿದ್ವಿ."

ಅಜ್ಜಿಗೆ ಎಂಬತ್ತೊಂದು. ಚರ್ಚಿನಲ್ಲಿ ರೊಟ್ಟಿ, ರಸ ಹಂಚುವ ಕರ್ತನ ಭೋಜನಕ್ಕೆ ರಸ ಮಾಡುವ ಕೆಲಸ ನಲವತ್ತು ವರ್ಷದಿಂದ ಅವಳದೇ. ದ್ರಾಕ್ಷಿ ಹಿಸುಕಿ, ಸಕ್ಕರೆ ಬೆರೆಸಿ, ಮಣ್ಣಿನ ಜಾಡಿಗೆ ತುಂಬಿ ಬಟ್ಟೆ ಕಟ್ಟಿಟ್ಟರೆ ಮುಂದಿನ ವರ್ಷಕ್ಕೆ ಅದು ಚರ್ಚಿನ ದ್ರಾಕ್ಷಿರಸ. ಸೋಜುವಿನ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವ ಸಭೆ ಅದು. ಆದರೂ ಜಾಡಿಯೊಳಗಿನದು ಹುದುಗು ಬಂದು ಏನಾಗಿದೆ ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ವರ್ಷಕ್ಕೆರಡು ಸಲ ಹೆಬ್ಬೆರಳಿನಷ್ಟು ಬಟ್ಟಲು. ಎದೆ ಬೆಚ್ಚಗಾದರೆ ಪವಿತ್ರಾತ್ಮ ಎಂದುಕೊಳ್ಳುತ್ತಿದ್ದರು.

ಅಕ್ಟೋಬರಿನ ಮೊದಲ ಭಾನುವಾರ ಮಾನ್ಸೊಕ್‌ಗೆ ದೀಕ್ಷಾಸ್ನಾನವಾಯಿತು. ಅದೇ ಆರಾಧನೆಯಲ್ಲಿ ಅವನ ಮೊದಲ ಕರ್ತನ ಭೋಜನ. ರೊಟ್ಟಿಯ ತುಂಡು ಸಲೀಸಾಗಿ ಇಳಿಯಿತು. ಆಮೇಲೆ ಬಟ್ಟಲುಗಳ ತಟ್ಟೆ ಸಾಲಿನಲ್ಲಿ ಬಂತು. ಪಕ್ಕದಲ್ಲಿದ್ದ ಅಜ್ಜಿ, ಬಡಿಸಿದವಳು ಉಣ್ಣುವವನ ಬಾಯಿ ನೋಡುವ ಹಾಗೆ ಅವನನ್ನೇ ನೋಡುತ್ತಿದ್ದಳು.

ಅವನ ಎರಡೂ ಕೈ ತಾವಾಗಿ ಬಟ್ಟಲು ಹಿಡಿದವು. ಮುಖ ತಾನಾಗಿ ಪಕ್ಕಕ್ಕೆ ಹೊರಳಿತು. ಆ ನಾಡಿನಲ್ಲಿ ಹಿರಿಯರೆದುರು ಹೆಂಡವನ್ನು ಮುಖ ಹೊರಳಿಸಿ ಕುಡಿಯುವುದು ಮರ್ಯಾದೆ, ಆದರೆ ನೀರಿಗೂ ಪಾನಕಕ್ಕೂ ಯಾರೂ ಹಾಗೆ ಹೊರಳಿಸುವುದಿಲ್ಲ. ಮೂಗಿಗೆ ವಾಸನೆ ಬಡಿಯುವ ಮೊದಲೇ ಕುತ್ತಿಗೆಗೆ ಗೊತ್ತಾಗಿಬಿಟ್ಟಿತ್ತು.

ಬಟ್ಟಲು ತುಟಿಯ ಹತ್ತಿರವೇ ನಿಂತಿತು. 'ಕುಡಿ, ಇದು ಕರ್ತನದು, ಇದಕ್ಕೆ ದೋಷವಿಲ್ಲ' ಎಂದು ಒಳಗೊಂದು ದನಿ ಮೆತ್ತಗೆ ಹೇಳಿತು. ಆ ದನಿಯ ಪರಿಚಯ ಅವನಿಗಿತ್ತು. ಮದುವೆಯಲ್ಲಿ ಅದು ಶುಭಕಾರ್ಯ ಎಂದಿತ್ತು, ದೋಣಿಯಲ್ಲಿ ಔಷಧಿ ಎಂದಿತ್ತು. ಈಗ ದೇವರ ಅಂಗಿ ತೊಟ್ಟು ಬಂದಿದೆ. ಕುಡಿದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಕುಡಿಯದಿದ್ದರೆ, ಏಳು ತಿಂಗಳು ತನ್ನ ಬಾಗಿಲು ಬಡಿದ ಮುದುಕಿಯ ಕೈಯಡುಗೆಯನ್ನು ಊರೆದುರು ತಳ್ಳಿದಂತೆ.

ಅವನು ಎದ್ದು ನಿಂತ.

"ಅಯ್ನೋರೇ, ನಾನಿದನ್ನ ಕುಡಿಯೋ ಹಾಗಿಲ್ಲ. ಇದು ಹೆಂಡ ಆಗಿದೆ."

ಸಭೆಯೆದುರು ನಿಂತಿದ್ದ ಪ್ಯೋ ಪಾದ್ರಿಯ ಕೈಯಲ್ಲಿ ಬಟ್ಟಲು ಹಾಗೇ ಉಳಿಯಿತು.

"ಏನಂದೆ?" ಅಜ್ಜಿ ತಲೆಯೆತ್ತಿದಳು. "ನಲವತ್ತು ವರ್ಷ ನಾನು ದೇವರ ಮನೆಗೆ ಹೆಂಡ ಹೊತ್ತು ತಂದ್ನೇನೋ?"

"ಆ ವಿಷಯದಲ್ಲಿ ಅವನ ಮಾತು ಸುಳ್ಳಾಗಲ್ಲ ಬಿಡಿ" ಎಂದ ಹಿಂದಿನ ಸಾಲಿನಿಂದ ದೋಣಿ ಯಜಮಾನ ಬಾಂಗ್. ಒಬ್ಬಿಬ್ಬರು ನಕ್ಕರು.

ಮಾನ್ಸೊಕ್ ನಗಲಿಲ್ಲ. "ಅಜ್ಜಿ, ನೀವು ಮಾಡಿದ್ದು ಕೆಟ್ಟಿಲ್ಲ. ತುಂಬ ಚೆನ್ನಾಗಿದೆ, ಅದೇ ನನ್ನ ಕಷ್ಟ. ಇದೊಂದು ಒಳಗೆ ಹೋದ್ರೆ ಸಂಜೆಯೊಳಗೆ ನಾನು ಅಂಗಡಿ ಮುಂದೆ ಬಿದ್ದಿರ್ತೀನಿ. ಮತ್ತೆ ಏಳಲ್ಲ."

ಅಜ್ಜಿ ಅವನ ಕೈಯಿಂದ ಬಟ್ಟಲು ತೆಗೆದುಕೊಂಡು ಮೂಸಿದಳು. ಮಾಡಿದವಳ ಹಾಗಲ್ಲ, ಹೊರಗಿನವಳು ಮೂಸಿದ ಹಾಗೆ ಮೂಸಿದಳು. ಮುಖ ಕೆಂಪಾಯಿತು. ಬಟ್ಟಲನ್ನು ತಟ್ಟೆಗಿಟ್ಟು, ಬೆಂಚು ಹಿಡಿದುಕೊಂಡು ಎದ್ದು, ಚರ್ಚಿನ ಅಡುಗೆಮನೆಯ ಕಡೆ ನಡೆದಳು.

ಮಾನ್ಸೊಕ್ ಕೂರಲಾರದೆ ನಿಂತೇ ಇದ್ದ. ಎಲ್ಲರೂ ಬಟ್ಟಲು ಕೆಳಗಿಡಿ ಎಂದು ಹೇಳಿ ಪಾದ್ರಿ ಕೀರ್ತನೆ ಎತ್ತಿದರು. ಚರಣಗಳು ಮುಗಿದವು, ಅಜ್ಜಿ ಬರಲಿಲ್ಲ. ಮತ್ತೆ ಮೊದಲಿಂದ ಹಾಡಿದರು. ಮೂರನೆಯ ಸಲಕ್ಕೆ ಗಂಟಲು ಕಟ್ಟಿದವರು ತುಟಿಯಷ್ಟೇ ಆಡಿಸುತ್ತಿದ್ದರು.

ಅಜ್ಜಿ ಬಂದಾಗ ಕೈಯಲ್ಲಿ ಅನ್ನದ ಬೋಗುಣಿಯಿತ್ತು, ಮುಂಗೈವರೆಗೂ ನೇರಳೆ ಬಣ್ಣ. ಮಧ್ಯಾಹ್ನದ ಊಟಕ್ಕಿಟ್ಟಿದ್ದ ದ್ರಾಕ್ಷಿಯನ್ನು ಬರಿಗೈಲಿ ಹಿಂಡಿದ್ದಳು. ಸಿಪ್ಪೆ, ಬೀಜ ಎಲ್ಲ ತೇಲುತ್ತಿತ್ತು. ಪಾದ್ರಿ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿ, ಬಟ್ಟಲು ಹಂಚುವ ಮೊದಲು ಹೇಳಿದ್ದ ಆಶೀರ್ವಾದದ ಮಾತನ್ನೇ ಆ ಒಬ್ಬನಿಗಾಗಿ ಮತ್ತೊಮ್ಮೆ ಪೂರ್ತಿ ಹೇಳಿದರು.

"ಸೋಸೋಕೆ ಹೊತ್ತಿರ್ಲಿಲ್ಲ" ಎಂದಳು ಅಜ್ಜಿ. "ಬೀಜ ಉಗುಳ್ಬೇಡ. ನುಂಗು."

ಅವನು ಕುಡಿದ. ಕಣ್ಣು ಕಿರಿದಾಯಿತು.

"ಹುಳಿಯಾ?"

"ಹುಳಿ ಅಜ್ಜಿ."

"ಹುಳೀನೇ ಕುಡಿ. ಮುಂದಿನ ಸಲದಿಂದ ಎಲ್ರಿಗೂ ಇದೇ."

ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು.