ಒಳಗೆಳೆದ ಹೂಂ

ಅರುಣ್‌ಕುಮಾರ್ ಸರ್ ಮೊದಲ ದಿನ ಹೇಳಿಕೊಟ್ಟ ಪಾಠ ಸುಮ್ಮನಿರುವುದು.

ಗೊರೂರಿನ ನೀರಾವರಿ ಇಲಾಖೆಯ ಹಳೆಯ ಕ್ವಾರ್ಟರ್ಸಿನಲ್ಲಿ, ಸುಣ್ಣ ಉದುರುವ ಗೋಡೆಗೆ ಒರಗಿ ಭಾಷಾವಿಜ್ಞಾನದ ಎಂಟು ವಿದ್ಯಾರ್ಥಿಗಳು ಕೂತಿದ್ದರು. ಅಳಿದುಹೋಗುತ್ತಿರುವ ಭಾಷೆಗಳನ್ನು ದಾಖಲಿಸುವುದು ಹೇಗೆಂದು ಕಲಿಯುವ ಹದಿನೈದು ದಿನಗಳ ಶಿಬಿರ.

"ಜನ ಮಾತಾಡುವಾಗ ನೀವು ಅಲ್ಲಿ ಇಲ್ಲ ಅಂದ್ಕೊಳ್ಳಿ. ತಲೆಯಾಡಿಸಿ, ಕಣ್ಣಲ್ಲೇ ನಗಿ. ಹೂಂ ಮಾತ್ರ ಅನ್ನಬೇಡಿ. ನಿಮ್ಮ ಒಂದು ಹೂಂ ಅವರ ಮಾತಿನ ತುದೀನ ತಿಂದುಹಾಕುತ್ತೆ. ಐವತ್ತು ವರ್ಷ ಆದಮೇಲೆ ಆ ತುದಿ ಬೇಕು ಅಂದ್ರೆ ಎಲ್ಲಿ ಹುಡುಕ್ತೀರಿ?"

ಇನ್ನೊಂದು ನಿಯಮವಿತ್ತು. ರೆಕಾರ್ಡಿಂಗ್ ಶುರುಮಾಡುವ ಮುಂಚೆ ಒಂದು ನಿಮಿಷ ಯಾರೂ ಮಾತಾಡದೆ, ಆ ಜಾಗದ ಬರಿಯ ಸದ್ದನ್ನು ಹಿಡಿದಿಡಬೇಕು.

ತೇಜಶ್ರೀಗೆ ಇದ್ಯಾವುದೂ ಕಷ್ಟವಾಗಲಿಲ್ಲ. ಹಿರೀಸಾವೆಯಲ್ಲಿ ಹೆದ್ದಾರಿಗೆ ಅಂಟಿಕೊಂಡ ಮನೆ ಅವಳದು. ಲಾರಿಗಳ ಸದ್ದಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದ ಆ ಮನೆಯಲ್ಲಿ ಅವಳೊಬ್ಬಳು ಕೂಗುವುದನ್ನು ಯಾವಾಗಲೋ ಬಿಟ್ಟುಬಿಟ್ಟಿದ್ದಳು. "ಇವಳು ರುದ್ರಪಟ್ಟಣದ ಸಂಗೀತ ಕಚೇರಿಗೆ ಕೂತಂಗೆ ಕೂತ್ಬಿಡ್ತಾಳೆ ಸರ್, ಉಸಿರಾಡ್ತಾಳೋ ಇಲ್ವೋ ಅಂತ ಮುಟ್ಟಿ ನೋಡ್ಬೇಕು" ಎಂದು ಜೊತೆಯ ರಜನೀಶ್ ತಮಾಷೆ ಮಾಡಿದ. ಶಿಬಿರ ಮುಗಿದಾಗ ಎಲ್ಲರಿಗಿಂತ ಶುದ್ಧವಾದ ರೆಕಾರ್ಡಿಂಗ್ ತಂದವರಿಗೆ ಸರ್ ಜೊತೆ ಎರಡು ವರ್ಷದ ಕೆಲಸವಿತ್ತು. ಅದು ತನಗೆ ಬೇಕೆಂದು ತೇಜಶ್ರೀ ಯಾರ ಹತ್ತಿರವೂ ಹೇಳಿರಲಿಲ್ಲ.

ಅವಳ ಪಾಲಿಗೆ ಬಂದದ್ದು ಮಾದಮ್ಮ. ಅರಕಲಗೂಡು ರಸ್ತೆಯಿಂದ ಒಳಗೆ, ಹಿನ್ನೀರಿನ ದಂಡೆಯಲ್ಲಿ ಜೊಂಡಿನ ಚಾಪೆ ಹೆಣೆಯುವವರ ಹನ್ನೊಂದು ಮನೆಗಳು. ಅವರ ಮನೆಮಾತನ್ನು ಉಳಿಸಿಕೊಂಡಿದ್ದವರು ಇಬ್ಬರೇ, ಮಾದಮ್ಮ ಮತ್ತು ಅವಳ ಅಕ್ಕ ದ್ಯಾವಮ್ಮ. ದ್ಯಾವಮ್ಮ ಸತ್ತು ನಾಲ್ಕು ವರ್ಷವಾಗಿತ್ತು. ಅವಳ ಮಗ ಬೋರಪ್ಪ, ತೇಜಶ್ರೀಯನ್ನು ಚಿಕ್ಕಮ್ಮನ ಮನೆಗೆ ಕರೆತಂದವನು, "ನಮ್ಗೆ ಅದ್ರಲ್ಲಿ ಬೈಗಳು ಮಾತ್ರ ಬತ್ತದೆ ಕಣ್ರವ್ವ" ಎಂದು ನಕ್ಕಿದ್ದ.

ಫಾರಂನಲ್ಲಿ ಭಾಷೆಯ ಹೆಸರು ಎಂಬಲ್ಲಿ ಏನು ಬರೆಯಲೆಂದು ತೇಜಶ್ರೀ ಕೇಳಿದಳು.

"ಮಾತ್ಗೆ ಯಾತ್ಕವ್ವ ಎಸ್ರು? ಅದೇನು ಎಮ್ಮೆಯಾ, ಕೂಗಿ ಕರ್ಯಕ್ಕೆ?" ಎಂದಳು ಮಾದಮ್ಮ.

ಆರು ದಿನ ಪದಗಳ ಪಟ್ಟಿ ನಡೆಯಿತು. ನೀರು, ಹಲ್ಲು, ಹೊಗೆ, ಮೊಣಕಾಲು. ಆರನೆಯ ದಿನ ಪಟ್ಟಿಯಲ್ಲಿ 'ಹೌದು' ಬಂತು. ಮಾದಮ್ಮ ಪದವನ್ನೇನೂ ಹೇಳಲಿಲ್ಲ. ಉಸಿರನ್ನು ಒಳಗೆಳೆಯುತ್ತಲೇ ಗಂಟಲಲ್ಲಿ ಒಂದು ಹೂಂ ಹೊರಡಿಸಿದಳು. ನೀರಿಗೆ ಇಳಿದವರು ತಣ್ಣಗಾಯಿತೆಂದು ಉಸಿರೆಳೆದುಕೊಂಡ ಹಾಗಿತ್ತು ಅದು.

"ನೀವು ಹೂಂ ಅನ್ನೋದ್ನ ಹೊರೀಕೆ ಬುಡ್ತೀರಿ. ನಾವು ಒಳೀಕೆ ಎಳ್ಕತೀವಿ. ಕೇಳಿದ್ದು ಒಳಗೆ ಕೂರಬೇಕಲ್ವಾ?"

ಏಳನೆಯ ದಿನ ಒಂದು ಕತೆ ಹೇಳಿ ಎಂದಾಗ ಮಾದಮ್ಮ ಹೊಸ ಚಾಪೆಯೊಂದನ್ನು ಶುರುಮಾಡಿದಳು. ದೊಡ್ಡ ಕತೆಯನ್ನು ಅವರು ಚಾಪೆಯ ಜೊತೆಗೇ ಹೇಳುವುದು, ಎರಡೂ ಒಟ್ಟಿಗೆ ಮುಗಿಯಬೇಕು. ನಾಲ್ಕು ಸಾಲು ಹೆಣೆದು ಅವಳು ತಲೆಯೆತ್ತಿದಳು.

"ಹೂಂ ಅನ್ನು ಮತ್ತೆ."

"ಅನ್ನಂಗಿಲ್ಲ ಅಜ್ಜಿ. ಮಿಷನ್ನಲ್ಲಿ ನಿಮ್ಮ ದನಿ ಒಂದೇ ಇರಬೇಕು. ನಾನು ತಲೆ ಆಡಿಸ್ತೀನಿ."

"ಕುರೀನೂ ತಲೆ ಆಡುಸ್ತದೆ." ಮಾದಮ್ಮ ಸ್ವಲ್ಪ ಹೊತ್ತು ಜೊಂಡನ್ನು ಬೆರಳಲ್ಲಿ ಸವರಿದಳು. "ಬುಡು. ನೀ ಅನ್ನದಿದ್ರೆ ಅನ್ನೋರು ಅಂತಾರೆ."

ತೇಜಶ್ರೀ ಒಂದು ನಿಮಿಷದ ಬರಿಯ ಸದ್ದನ್ನು ಹಿಡಿದಳು. ಹೊರಗೆ ಕೋಳಿ ಕೆದಕುವ ಸದ್ದು, ದೂರದಲ್ಲಿ ಒಂದು ಟ್ರ್ಯಾಕ್ಟರ್. ಆಮೇಲೆ ಕತೆ ಶುರುವಾಯಿತು. ಪ್ರತಿ ವಾಕ್ಯದ ಕೊನೆಗೆ ಮಾದಮ್ಮ ನಿಲ್ಲಿಸುತ್ತಿದ್ದಳು, ಕೈಯೂ ನಿಲ್ಲುತ್ತಿತ್ತು. ತೇಜಶ್ರೀ ತಲೆಯಾಡಿಸುತ್ತಿದ್ದಳು. ಮಾದಮ್ಮ ಅವಳ ಕಡೆ ನೋಡುತ್ತಲೇ ಇರಲಿಲ್ಲ.

ಸಂಜೆ ಕ್ವಾರ್ಟರ್ಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡಾಗ ಆ ನಿಲುಗಡೆಗಳು ಖಾಲಿಯಿರಲಿಲ್ಲ. ಪ್ರತಿಯೊಂದರಲ್ಲೂ ಸಣ್ಣಗೆ ಒಂದು ಹೂಂ ಇತ್ತು, ಒಳಗೆಳೆದದ್ದು.

ಮೊದಲು ಮಾದಮ್ಮನದೇ ಎಂದುಕೊಂಡಳು. ಆದರೆ ಒಂದು ಕಡೆ ಮಾದಮ್ಮನ ಕೆಮ್ಮಿನ ನಡುವೆಯೇ ಅದು ಬಂತು. ತೇಜಶ್ರೀ ಕೂತಿದ್ದದ್ದು ಮೈಕಿನ ಎಡಕ್ಕೆ. ಹೂಂ ಕೇಳುತ್ತಿದ್ದದ್ದು ಬಲಗಿವಿಯಲ್ಲಿ. ಬಲಕ್ಕೆ ಇದ್ದದ್ದು ಗೋಡೆ, ಅದಕ್ಕೆ ಒರಗಿಸಿಟ್ಟ ಒಂದು ಸುತ್ತಿದ ಚಾಪೆ. ಒಂದು ನಿಮಿಷದ ಬರಿಯ ಸದ್ದನ್ನು ಮೂರು ಸಲ ಕೇಳಿದಳು. ಕೋಳಿ, ಟ್ರ್ಯಾಕ್ಟರ್, ಅಷ್ಟೇ.

"ನಿನ್ನದೇ ಉಸಿರು" ಎಂದರು ಸರ್, ಅರ್ಧ ನಿಮಿಷ ಕೇಳಿ. "ಹತ್ತಿರ ಕೂತಿದ್ದೀಯ. ದೂರ ಕೂತ್ಕೋ."

ಮರುದಿನ ಅವಳು ಬಾಗಿಲ ಹತ್ತಿರ, ಮೂಗಿಗೆ ಕರ್ಚೀಫು ಅದುಮಿಕೊಂಡು ಕೂತಳು. ಆ ಸಂಜೆ ಬಲಗಿವಿಯ ಹೂಂ ಇನ್ನಷ್ಟು ಹತ್ತಿರ ಬಂದಿತ್ತು, ಅವಳು ದೂರ ಸರಿದಷ್ಟೂ ಯಾರೋ ಮೈಕಿನ ಹತ್ತಿರ ಸರಿದು ಕೂತ ಹಾಗೆ.

ಆ ಎರಡು ದಿನಗಳಲ್ಲಿ ಕತೆ ಏನೆಂಬುದು ಅವಳಿಗೆ ತಿಳಿದಿತ್ತು. ಹೇಳಿ ಮುಗಿಸಿದ ಮೇಲೆ ಮಾದಮ್ಮ ವಾಕ್ಯ ವಾಕ್ಯವನ್ನೂ ಕನ್ನಡಕ್ಕೆ ಬಿಡಿಸುತ್ತಿದ್ದಳು. ಅಕ್ಕತಂಗಿಯರು ಜೊಂಡು ಕೊಯ್ಯಲು ಹೋಗುತ್ತಾರೆ. ಅಕ್ಕ ನೀರಿನೊಳಗೆ ನಡೆದುಹೋಗಿ, ಅಲ್ಲೇ ಮನೆ ಮಾಡಿಕೊಂಡು ತಂಗಿಯನ್ನು ಊಟಕ್ಕೆ ಕರೆಯುತ್ತಾಳೆ. ಚಾಪೆಯ ಅಂಚು ಕಟ್ಟಿಲ್ಲ, ಕಟ್ಟಿ ಬರುತ್ತೇನೆ ಎನ್ನುತ್ತಾಳೆ ತಂಗಿ. ಎರಡನೆಯ ದಿನದ ಕತೆ ಅಲ್ಲಿಗೆ ನಿಂತಿತ್ತು.

ಮೂರನೆಯ ಬೆಳಿಗ್ಗೆ ರಸ್ತೆಯಲ್ಲಿ ಬೋರಪ್ಪ ಸಿಕ್ಕ. ಕತೆ ಇವತ್ತು ಮುಗಿಯುತ್ತದೆ ಎಂದಳು ತೇಜಶ್ರೀ.

"ಅಂಗಾದ್ರೆ ಊಟ ನಿಮ್ದಾ?"

"ಯಾವ ಊಟ?"

"ಕತೆ ಯೇಳ್ದೋರು, ಹೂಂ ಅಂದೋರ ಮನೇಲಿ ಉಣ್ಬೇಕು. ಚಾಪೆ ಅಂಚು ಕಟ್ಟಿದ್ ತಕ್ಸಣ ಎದ್ದು ಓಗ್ಬೇಕು. ಅದು ಹಿಂದ್ಲಿಂದ ನಡ್ಕಂಡ್ ಬಂದದ್ದು." ಅವನು ಅವಳ ಮುಖ ನೋಡಿ ನಿಂತ. "ಯಾಕೆ, ನೀವು ಹೂಂ ಅಂದಿಲ್ವಾ? ಮತ್ತೆ ಯಾರಂದ್ರು?"

ತೇಜಶ್ರೀ ಮಾದಮ್ಮನ ಮನೆಯ ಕಡೆ ಓಡುವಂತೆ ನಡೆದಳು.

ಮಾದಮ್ಮ ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು ಕೂತಿದ್ದಳು. ಅವಳ ಕೋಳಿಗಳು ಪಕ್ಕದ ಮನೆಯ ಪಂಜರ ಸೇರಿದ್ದವು. ಒಲೆಯಲ್ಲಿ ಬೂದಿಯನ್ನೂ ಬಿಡದೆ ಗೋರಿ ಸಾರಿಸಿಯಾಗಿತ್ತು.

"ಒಲೆ ಹಚ್ಚಿಲ್ವಾ ಅಜ್ಜಿ?"

"ಇವತ್ತು ಉಣ್ಣಕ್ಕೆ ಕರ್ದವ್ರೆ."

ಕೊನೆಯ ಭಾಗವನ್ನು ತಾವೇ ಕೇಳಬೇಕೆಂದು ಸರ್ ಕೂಡ ಬಂದಿದ್ದರು. ಹೆಡ್‌ಫೋನ್ ಹಾಕಿಕೊಂಡು, ಕಣ್ಣನ್ನು ಮಿಷನ್ನಿನ ಮೇಲಿಟ್ಟು, ಸುತ್ತಿದ ಚಾಪೆಯಿದ್ದ ಗೋಡೆಗೆ ಬೆನ್ನು ಮಾಡಿ ಕೂತರು. ಹೆಬ್ಬೆರಳೆತ್ತಿ ತೋರಿಸಿದರು. ಇದು ಶುದ್ಧವಾಗಿ ಬಂದರೆ ಕೆಲಸ ನಿನ್ನದೇ ಎಂದು ಹಿಂದಿನ ಸಂಜೆಯೇ ಹೇಳಿದ್ದರು.

ಚಾಪೆಗೆ ಇನ್ನೊಂದು ಗೇಣು ಬಾಕಿಯಿತ್ತು. ಮಾದಮ್ಮ ಒಂದು ವಾಕ್ಯ ಹೇಳಿ ನಿಲ್ಲಿಸಿದಳು, ಮುಖವನ್ನು ಸ್ವಲ್ಪ ಬಲಕ್ಕೆ, ಸುತ್ತಿದ ಚಾಪೆಯತ್ತ ತಿರುಗಿಸಿದಳು, ತೃಪ್ತಿಯಿಂದ ಮುಂದಿನ ಸಾಲಿಗೆ ಕೈ ಹಾಕಿದಳು. ಇನ್ನೊಂದು ವಾಕ್ಯ. ಇನ್ನೊಂದು ಸಾಲು. ತೇಜಶ್ರೀಗೆ ಏನೂ ಕೇಳುತ್ತಿರಲಿಲ್ಲ. ಗೇಣು ಸವೆದು ನಾಲ್ಕು ಬೆರಳಾಯಿತು. ಮಾದಮ್ಮನ ಕೈ ಎಂದಿಗಿಂತ ಬೇಗ ಓಡುತ್ತಿತ್ತು, ಹಸಿದವರ ಕೈಯಂತೆ.

"ಹೂಂ" ಎಂದಳು ತೇಜಶ್ರೀ.

ಸರ್ ಬೆಚ್ಚಿ ತಲೆಯೆತ್ತಿದರು. ಮಾದಮ್ಮ ಎತ್ತಲಿಲ್ಲ. ಅದು ಕನ್ನಡದ ಹೂಂ, ಹೊರಗೆ ಬಿಟ್ಟದ್ದು, ಲೆಕ್ಕಕ್ಕೆ ಬರಲಿಲ್ಲ. ಮುಂದಿನ ನಿಲುಗಡೆಗೆ ತೇಜಶ್ರೀ ಉಸಿರನ್ನು ಒಳಗೆಳೆದಳು. ಗಂಟಲು ಕಟ್ಟಿ ಕೆಮ್ಮು ಬಂತು. ಸರ್ ಕೈಯಾಡಿಸಿ ಬೇಡ ಬೇಡ ಎನ್ನುತ್ತಿದ್ದರು. ಅವಳು ಅವರ ಕಡೆಯಿಂದ ಮುಖ ತಿರುಗಿಸಿ, ಹೊಟ್ಟೆಯ ತನಕ ಇಳಿಯುವ ಹಾಗೆ ಇನ್ನೊಮ್ಮೆ ಎಳೆದುಕೊಂಡಳು. ಬಂತು. ಬಾಯಿಗೆ ಹಿನ್ನೀರಿನ ರುಚಿ ಬಂದಂತಾಯಿತು.

ಮಾದಮ್ಮನ ಬೆರಳು ನಿಂತವು. ಮೂರು ದಿನಗಳಲ್ಲಿ ಮೊದಲ ಬಾರಿಗೆ, ಕತೆಯ ನಡುವೆ ಅವಳು ತೇಜಶ್ರೀಯ ಕಡೆ ನೋಡಿದಳು.

"ತಡ ಮಾಡ್ಬುಟ್ಟಲ್ಲೇ, ನನ್ನವ್ವ."

ಆದರೂ ಕತೆ ಮುಂದುವರಿಯಿತು. ಅಲ್ಲಿಂದ ಕೊನೆಯ ತನಕ ತೇಜಶ್ರೀ ಒಂದನ್ನೂ ಬಿಡಲಿಲ್ಲ. ಕೊನೆಗೆ ಮಾದಮ್ಮ ಅಂಚು ಕಟ್ಟಿದಳು. ಗಂಟು ಬಿಗಿದ ಕೂಡಲೇ ತೇಜಶ್ರೀ ಎದ್ದು ಅವಳ ಮುಂಗೈ ಹಿಡಿದಳು.

"ನಮ್ಮಲ್ಲಿ ಊಟಕ್ಕೆ ಬನ್ನಿ ಅಜ್ಜಿ. ಹುರುಳಿಕಾಳಿನ ಬಸ್ಸಾರು ಮಾಡವ್ರೆ."

ಮಾದಮ್ಮ ಗೋಡೆಯ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದಳು.

ಸರ್ ಹೊರಗೆ ಬಂದು ಹೆಡ್‌ಫೋನ್ ಕಿತ್ತರು. ಸಿಟ್ಟಿನಲ್ಲಿ ದನಿ ಸಣ್ಣಗಾಗಿತ್ತು. "ನೀನು ಹಾಳುಮಾಡಿದ್ದು ಸಾಲದು ಅಂತ ನನ್ನ ಬೆನ್ನ ಹಿಂದೆ ಇನ್ನೊಬ್ಬರನ್ನೂ ಕೂರಿಸಿದ್ದೀಯಲ್ಲ. ಇಬ್ಬಿಬ್ಬರು ಹೂಂ ಅಂದ್ರೆ ಇದನ್ನ ಏನು ಮಾಡಲಿ? ಯಾರು ಆ ಇನ್ನೊಬ್ಬ ಅಜ್ಜಿ?"

ಒಳಗೆ ಯಾರೂ ಇರಲಿಲ್ಲ. ಅವರು ತಿರುಗಿ ನೋಡಿ, ಕಿತ್ತ ಹೆಡ್‌ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡರು. ಕೆಲಸದ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ತೇಜಶ್ರೀಯೂ ಕೇಳಲಿಲ್ಲ.

ಕ್ವಾರ್ಟರ್ಸಿನ ಜಗಲಿಯಲ್ಲಿ ಮಾದಮ್ಮ ಹಸಿವಿದ್ದವಳಂತೆಯೇ ಉಂಡಳು. ಮುದ್ದೆ ಅರ್ಧವಾದಾಗ ಕೈ ತಡೆದಳು.

"ಉಣ್ಣಿ ಅಜ್ಜಿ."

"ನಿಂದು ಸ್ವಲ್ಪ ಹೂಂ. ಅಷ್ಟಕ್ಕೆ ಇಷ್ಟು ಉಂಡಿವ್ನಿ. ಮಿಕ್ಕಿದ್ದು ಅಲ್ಲಿ."

"ಯಾವಾಗ?"

"ಅಕ್ಕ ಏನು ಅವಸ್ರ ಮಾಡಾಕಿಲ್ಲ. ಕಾಯ್ತಾಳೆ." ಮಾದಮ್ಮ ತಟ್ಟೆಯನ್ನು ದೂರ ಸರಿಸಿದಳು. "ಓಗ್ತೀನಿ ಮಗ."

ತೇಜಶ್ರೀ ತಟ್ಟೆ ದಾಟಿ ಅವಳ ಮುಂದೆ ಕೂತಳು. "ಇನ್ನೊಂದು ಕತೆ ಇಲ್ವಾ? ಹೊಸ ಚಾಪೆ ಹಾಕಿ. ಮೊದಲಿಂದ ನಾನೇ ಹೂಂ ಅಂತೀನಿ. ಮಿಷನ್ ತರಲ್ಲ. ಒಂದನ್ನೂ ಬಿಡಲ್ಲ. ಚಾಪೆ ಅರ್ಧದಲ್ಲಿದ್ರೆ ಎಲ್ಲಿಗೂ ಹೋಗಂಗಿಲ್ಲ, ಅಲ್ವಾ?"

ಮಾದಮ್ಮ ಅವಳನ್ನು ದಿಟ್ಟಿಸಿ, ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಕಳ್ಳಿ ಕಣೆ ನೀನು. ಹೊಸ ಚಾಪೆಗೆ ಜೊಂಡು ಬೇಕು. ಹೂಂ ಅನ್ನೋರೇ ಕುಯ್ಬೇಕು. ನಾಳೆ ಒತ್ತಾರೆ ಬಾ."

ಮರುದಿನ ಬಿಸಿಲು ಏರುವ ಹೊತ್ತಿಗೆ ಇಬ್ಬರೂ ಹಿನ್ನೀರಿನ ಅಂಚಿನಲ್ಲಿದ್ದರು. ತೇಜಶ್ರೀ ಚೂಡಿದಾರವನ್ನು ಮೊಣಕಾಲಿಗೆ ಮಡಚಿ ಕುಡುಗೋಲು ಹಿಡಿದು ಇಳಿದಳು. ಕಾಲಡಿ ಕೆಸರು ಮೆತ್ತಗಿತ್ತು. ಜೊಂಡು ತಲೆಯನ್ನು ಮುಚ್ಚುವಷ್ಟು ಎತ್ತರ ಬೆಳೆದಿತ್ತು, ಗಾಳಿಯಿಲ್ಲದೆ ಅಲುಗದೆ ನಿಂತಿತ್ತು. ದಂಡೆಯಲ್ಲಿ ಕೂತ ಮಾದಮ್ಮ ಮೊದಲ ಕಂತೆಯನ್ನು ಮಡಿಲಿಗೆ ಎಳೆದುಕೊಂಡು, ತನ್ನ ಹೆಸರಿಲ್ಲದ ಮಾತಿನಲ್ಲಿ ಹೊಸ ಕತೆಯ ಮೊದಲ ವಾಕ್ಯವನ್ನು ಹೇಳಿ ನಿಲ್ಲಿಸಿದಳು.

ತೇಜಶ್ರೀ ಉಸಿರೆಳೆಯಲು ಬಾಯಿ ತೆರೆದಳು. ಅಷ್ಟರಲ್ಲಿ, ಅವಳ ಬಲಕ್ಕೆ, ನೀರಿನ ಕಡೆಯ ಜೊಂಡಿನ ಒಳಗಿಂದ, ಯಾರೋ ಎಳೆದುಕೊಂಡಾಗಿತ್ತು. ಈ ಸಲ ಹೆಡ್‌ಫೋನ್ ಬೇಕಾಗಲಿಲ್ಲ.

ಮಾದಮ್ಮನ ಮುಖ ನಿಧಾನವಾಗಿ ಆ ಕಡೆ ತಿರುಗತೊಡಗಿತು.

ತೇಜಶ್ರೀ ಕುಡುಗೋಲನ್ನು ಬಿಗಿಯಾಗಿ ಹಿಡಿದುಕೊಂಡು ಬಲಕ್ಕೆ ಎರಡು ಹೆಜ್ಜೆ ಸರಿದಳು. ಆ ಜೊಂಡಿಗೂ ಮಾದಮ್ಮನಿಗೂ ನಡುವೆ ನಿಂತು, ಎದೆ ತುಂಬುವ ಹಾಗೆ, ಅದಕ್ಕಿಂತ ಜೋರಾಗಿ ಒಂದು ಹೂಂ ಎಳೆದುಕೊಂಡಳು. ಮುಂದಿನ ವಾಕ್ಯಕ್ಕೆ ಕಾದಳು.